ನೋಡಲಿಕ್ಕೆ ನಿಂತವನು

ದೊಡ್ಡಾಸ್ಪತ್ರೆ, ಕಣ್ಣಿನ ವಿಭಾಗ. ಚೀಟಿ ನಂಬರು ನಲವತ್ತೊಂದು.
ಎಡಗಣ್ಣಿಗೆ ಬಿಟ್ಟ ಔಷಧಿ ಕೆನ್ನೆಗಿಳಿದು ತುಟಿಗೆ ಕಹಿ.
ಗೋಡೆಯ ಟೀವಿಯಲ್ಲಿ ಕೋಟು ತೊಟ್ಟ ನಾಲ್ಕು ಮಂದಿ
ನಕ್ಷೆಯ ಮೇಲೆ ಕೆಂಪು ಉಂಗುರ ಬರೆಯುತ್ತಿದ್ದಾರೆ.
ಬಾಂಬನ್ನು ನಾವಾಗಿ ಮೊದಲು ಹಾಕುವುದಿಲ್ಲ ಎನ್ನುತ್ತಾನೆ ಒಬ್ಬ.
ಹಾಗಂತ ಮೊದಲೇ ಹೇಳಿಬಿಟ್ಟರೆ ಹೆದರುವವರು ಯಾರು, ಇನ್ನೊಬ್ಬ.
ನನ್ನ ಪೊರೆಗಣ್ಣಿಗೆ ಉಂಗುರಕ್ಕೆ ಉಂಗುರ ಕಲಸಿ
ಊರುಗಳೆಲ್ಲ ಒಂದೇ ಕೆಂಪು.

ನಾನು ಜೆಟ್ಟಿಗಳ ಪೈಕಿ. ಮೂವತ್ತು ದಸರೆ
ಅರಮನೆಯ ತೊಟ್ಟಿಯಲ್ಲಿ, ಕೆಮ್ಮಣ್ಣಿನ ಮೇಲೆ ನಿಂತಿದ್ದೇನೆ,
ಹೊಡೆಯಲಿಕ್ಕಲ್ಲ, ನೋಡಲಿಕ್ಕೆ.
ಬೋಳಿಸಿದ ಎರಡು ತಲೆ. ಎರಡು ಮುಷ್ಟಿಯಲ್ಲಿ ಕೊಂಬಿನ ವಜ್ರನಖ.
ಯಾರ ನೆತ್ತಿಯಲ್ಲಾದರೂ ಸರಿ,
ಸಾಸಿವೆಯಷ್ಟು ರಕ್ತ ಕಂಡರೆ "ಸಾಕು!" ಎನ್ನಬೇಕು.
ಅಂದಮೇಲೆ ಎತ್ತಿದ ಕೈ ಎತ್ತಿದ ಹಾಗೇ ನಿಲ್ಲಬೇಕು.
ನಿಂತಿದೆ, ಇಷ್ಟು ವರ್ಷ.

ಒಂದು ಸಲ ತಪ್ಪಿತು.
ನಜರಬಾದಿನ ಗರಡಿ. ಬರೀ ತಾಲೀಮು,
ಮುಷ್ಟಿಗೆ ಬಟ್ಟೆ ಸುತ್ತಿ ಕಾವಿ ಹಚ್ಚಿದ್ದೆವು.
ನನ್ನ ತಂಗಿ ಮಗ ಗೋವರ್ಧನ, ಹತ್ತೊಂಬತ್ತು ತುಂಬಿರಲಿಲ್ಲ,
ನಾನು ಕೈ ಬೀಸುವ ಮೊದಲೇ ನುಗ್ಗಿದ.
ಎದುರಿನ ಹುಡುಗನ ದವಡೆ ಮುರಿಯಿತು.
ಯಾಕೋ, ಎಂದೆ.
"ಅವನ ಭುಜ ಅಲ್ಲಾಡಿತು ಮಾವ.
ನಾನು ಹೊಡೀತೀನಿ ಅಂತ ಅವನಿಗೆ ಅನಿಸಿದೆ ಅಂತ
ನನಗೆ ಅನಿಸಿಬಿಡ್ತು."
ಭುಜದ ಮೇಲೆ ನೊಣ ಕೂತಿತ್ತು.
ನಾನು ನೋಡಿದ್ದೆ. ಆಗ ಕಣ್ಣು ಚೆನ್ನಾಗಿತ್ತು.

ಟೀವಿಯವರನ್ನು ಕೇಳಬೇಕೆನಿಸುತ್ತದೆ:
ಸ್ವಾಮಿ, ನಿಮ್ಮ ಮಣ್ಣಿನ ಮೇಲೆ ನೋಡಲಿಕ್ಕೆ ನಿಂತವನು ಯಾರು?
ಅವನಿಗೆ ನೊಣ ಕಾಣುತ್ತದಾ?
ಕೂಗಿದರೆ ಕೇಳುವಷ್ಟು ಹತ್ತಿರ ಇದ್ದಾರಾ ಆ ಇಬ್ಬರು,
ಒಬ್ಬರ ಬೆವರು ಇನ್ನೊಬ್ಬರ ಮೂಗಿಗೆ ಬಡಿಯುವಷ್ಟು?
ಮೊದಲ ಹನಿ ಯಾರದೆಂದು ನೋಡುವುದರೊಳಗೆ

"ನಲವತ್ತೊಂದು!"

ಒಳಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ,
ಗದ್ದ ಇಲ್ಲಿಡಿ ತಾತ, ರೆಪ್ಪೆ ಬಡೀಬೇಡಿ, ಎಂದು ದೀಪ ಹಾಕಿದಳು.
ಗೋಡೆ, ಅಕ್ಷರದ ಹಲಗೆ, ಅವಳ ಮುಖ,
ಎಲ್ಲ ಒಂದೇ ಬಿಳಿ.
ಅಭ್ಯಾಸಬಲ. ಕೈಯೆತ್ತಿ "ಸಾಕು!" ಎಂದು ಕೂಗಿಬಿಟ್ಟೆ,
ಹೊರಗೆ ಕೂತವರಿಗೆಲ್ಲ ಕೇಳುವ ಹಾಗೆ.
ಗಾಬರಿಯಾಗಿ ಆರಿಸಿದಳು, ಪಾಪ.

ಕತ್ತಲೆಯಲ್ಲಿ ಅವಳ ಉಸಿರು, ನನ್ನ ಉಸಿರು.
ಆಮೇಲೆ ನಿಧಾನಕ್ಕೆ, ಮಬ್ಬಾಗಿ ಕಂಡದ್ದು
ಸ್ವಿಚ್ಚಿನ ಮೇಲೆ ಇನ್ನೂ ಇದ್ದ ಅವಳ ಬೆರಳು.