ಹತ್ತು ಸಾವಿರ ಲೀಟರ್

ಟ್ಯಾಂಕರಿನ ಬಾನೆಟ್ ಮ್ಯಾಲ ಫಾರ್ಮು ಹಾಸಿ
ಕಸ್ತೂರಿ ಪೆನ್ನಿನ ಟೊಪಗಿ ಕಚ್ಚಾಕತ್ತಾಳ.
ಮೂರು ಖಾನೆ: ಮೊದಲ ಇಷ್ಟ, ಎರಡನೇದು, ಮೂರನೇದು.
ನರ್ಸಿಂಗ್ ಬರಿ ಅಂದಿದ್ದಳು ಅವರವ್ವ.
ಚಿಕಾಲಿಯ ದವಾಖಾನ್ಯಾಗ ನೆಲಾ ಒರಸೋ ಆಕಿ
ಬಿಳೀ ಬೂಟಿನೋರು ಕುಂತು ಚಹಾ ಕುಡಿಯೋದು ಕಂಡಾಳ.

ಇಕಿ ಬರದದ್ದು ಬ್ಯಾರೆ. ಓದಿ ಹೇಳಿದಳು:
ನೀರು ಮತ್ತು ಸಾಗರ ಸಂಪನ್ಮೂಲ ನಿರ್ವಹಣೆ.
ಕನ್ನಡದಾಗ ಹೇಳು ಅಂದೆ.
ಇದು ಕನ್ನಡನ ಐತಲ್ಲ ಅಪ್ಪಾ, ಅಂದಳು.

ಹದಿನೆಂಟು ವರ್ಷ ನಾ ಮಾಡಿದ್ದು ಮತ್ತೇನು?
ಸಾಂಕವಾಳದ ಬಾವ್ಯಾಗ ಪೈಪ್ ಇಳಿಸಿ
ಮುಂಜಾನಿ ನಾಕಕ್ಕ ತುಂಬಿ,
ಬೋಗಮಾಳದ ಹೋಟೆಲ್ಲಿಗೆ. ಅಲ್ಲಿ
ಸಮುದ್ರದ ದಂಡ್ಯಾಗನ ಈಜಾಕ ಒಂದು ಹೊಂಡ ಐತಿ,
ಅದಕ್ಕ ಸುರುವಿ ಬರತೀನಿ.
ಯಾರ ನೀರು, ಯಾರಿಗೆ, ಕೇಳಿದೋನಲ್ಲ.
ಟ್ರಿಪ್ಪಿಗೆ ಎಷ್ಟು, ಅಷ್ಟ ಕೇಳಿದೋನು.

ಆಕಿ ಕೇಳತಾಳ.
ಏಪ್ರಿಲ್‌ನ್ಯಾಗ ಬಾವಿ ಯಾಕ ಉಪ್ಪಾತು?
ನಾನೂ ನಾಲಿಗಿ ಮ್ಯಾಲ ಇಟ್ಟು ನೋಡಿದ್ದೆ, ಸುಮ್ಮನಿದ್ದೆ.
ಆಕಿ ಬಾಟಲಿಗೆ ತುಂಬಿ, ತಾರೀಕು ಬರದು,
ದೇವರ ಫೋಟೋದ ಹಿಂದ ಸಾಲಾಗಿ ಇಟ್ಟಾಳ, ಹನ್ನೊಂದು.
ಸಮುದ್ರ ನೆಲದಡಿ ನಡಕೊಂಡು ಬರತೈತಿ ಅಪ್ಪಾ,
ನಾವು ಎಳದಷ್ಟು.
ನಾವು ಅನ್ನೋವಾಗ ನನ್ನ ಮಾರಿ ನೋಡಲಿಲ್ಲ.

ರಜಾ ಬಂದ್ರ ಕುಠ್ಠಾಳಿಗೆ ಹೋಗಿ
ಖಾಜನ್ ಗದ್ದಿಯ ಮರದ ಬಾಗಲಾ ನೋಡಕೋತ ಕೂಡತಾಳ.
ಭರತಕ್ಕ ತಾನ ಮುಚ್ಚತೈತಿ, ಇಳತಕ್ಕ ತಾನ ತೆರೀತೈತಿ.
ಅದನ್ನ ಕಾಯೋ ಕಾಯ್ತಾನ್ ಮುದುಕ ಕೇಳಿದನಂತ:
ಘಾಟಿ ಪೋರಿ, ನಮ್ಮ ನೀರು ನಿನಗ್ಯಾಕ?
ಹೊಳೀನೂ ಘಟ್ಟದಿಂದನ ಇಳದೈತಿ ಅಜ್ಜಾ, ಅಂದಳಂತ.
ಬೊಗಸಿ ಸೀಗಡಿ ಕೊಟ್ಟು ಕಳಿಸ್ಯಾನ ಅವ.

ಓದಿ ಏನು ಮಾಡ್ತೀ, ಅಂದೆ.
ಬಾಯಿ ತೆಗದಳು, ಮುಚ್ಚಿದಳು.
ತಿಳೀತು ನನಗ. ಒಂದಿನ ನನ್ನಂಥೋನ ಪೈಪಿಗೆ
ಮೀಟರು ಹಚ್ಚಾಕ ಬರೋ ಆಕಿ ಇಕಿ.

ಸಹಿ ಎಲ್ಲಿ, ಅಂದೆ. ಕೈ ಹಸಿ ಇತ್ತು,
ಪಾಲಕರು ಅನ್ನೋ ಗೆರಿ ಮ್ಯಾಲ ಶಾಯಿ ಹರದು ಹೋತು.
ಇರಲಿ ಬಿಡು, ಅಂದಳು.
ಎರಡನೇ ಖಾನೆ ಖಾಲಿ. ಮೂರನೇದೂ ಖಾಲಿ.

ಗಾಡಿ ಚಾಲೂ ಮಾಡಿದೆ.
ದಾಬೋಳಿ ತಿರುವಿನ್ಯಾಗ ಬೆನ್ನ ಹಿಂದ
ಹತ್ತು ಸಾವಿರ ಲೀಟರ್ ಒಂದ ಸಲ ಮಗ್ಗಲು ಬದಲಿಸಿತು.
ಇಷ್ಟು ವರ್ಷ ಅದನ್ನ
ಇಂಜಿನ್ನಿನ ಸದ್ದು ಅಂದುಕೊಂಡಿದ್ದೆ.