ನೆಲ ಡೊಂಕು

ನೂರ ನಲವತ್ತೆರಡು ಮೆಟ್ಟಿಲು. ಎಣಿಸಿದ್ದೇನೆ.
ಎಣಿಸದೆ ಏನು ಮಾಡಲಿ, ಹೆಗಲಲ್ಲಿ ಸಲಕರಣೆಯ ಚೀಲ,
ಒಂದು ಕೈ ಟೋಪಿಗೆ, ಒಂದು ಕೈ ಕಂಬಿಗೆ,
ಕೆಳಗೆ ವಾಲ್ಪರೈಸೊ ಬಂದರಿನ ಕ್ರೇನುಗಳು
ಗಾಳಿಯಲ್ಲಿ ಕತ್ತು ಕೊಂಕಿಸಿ ನಿಂತಿವೆ.
ಎರ್ಮಿನಿಯಾ ಬಾಗಿಲಲ್ಲೇ ಕಾದಿದ್ದಳು.

"ಒಗೆಯುತ್ತದೆ ನೆಲಿದಾ, ಜಾಲಾಡುತ್ತದೆ,
ಹಿಂಡು ಅಂದರೆ ಮಾತ್ರ
ಕೊಟ್ಟ ಸಾಲ ಕೇಳಿದ ಹಾಗೆ ಸುಮ್ಮನಾಗುತ್ತದೆ.
ಹದಿನಾಲ್ಕು ಜೆರ್ಸಿ ಒಳಗಿವೆ.
ನಾಳೆ ಹನ್ನೊಂದಕ್ಕೆ ಪಂದ್ಯ."

ಗಾಜಿಗೆ ಹಣೆ ಹಚ್ಚಿ ನೋಡಿದೆ:
ಬೂದು ನೀರು, ಹಸಿರು ತೋಳುಗಳು,
ಒಂಬತ್ತು, ಮೂರು, ಮಡಿಚಿಕೊಂಡ ಏಳು,
ಗೋಲ್‌ಕೀಪರನ ಹಳದಿ ಅಂಗಿ ಎಲ್ಲರ ಮೇಲೆ ಅಂಗಾತ.

ಕುಣಿಯಲಾರದವಳು ನೆಲ ಡೊಂಕೆಂದಳಂತೆ.
ಸರಿ. ಆದರೆ ಈ ಮನೆಯಲ್ಲಿ ನೆಲ ನಿಜಕ್ಕೂ ಡೊಂಕು.
ಗುಡ್ಡಕ್ಕೆ ಅಂಟಿಸಿದ ತಗಡಿನ ಮನೆ;
ಅಡುಗೆಮನೆಯಲ್ಲಿ ಜಾರಿದ ಟೊಮೆಟೊ
ಮಂಚದ ಕೆಳಗೆ ಸಿಗುತ್ತದೆ.
ಭೂಮಿ ನಡುಗಿದ ವರ್ಷದಿಂದ
ಬಾಗಿಲುಗಳು ಕೇಳದೆಯೇ ತೆರೆದುಕೊಳ್ಳುತ್ತವೆ.

ಹಾಗಾಗಿ ಮೊದಲು ಯಂತ್ರದ ಮಾತನ್ನೇ ನಂಬಿದೆ.
ರಸಮಟ್ಟ ಇಟ್ಟೆ. ಗುಳ್ಳೆ ಎಡಕ್ಕೆ ಓಡಿತು.
ಬಲಗಾಲಿನ ತಿರುಪು ಎರಡು ಸುತ್ತು,
ಅದರಡಿಗೆ ವೈನ್ ಪೆಟ್ಟಿಗೆಯ ಚಕ್ಕೆ.
ಗುಳ್ಳೆ ನಟ್ಟನಡುವೆ ಬಂದು ಕೂತಿತು,
ಇನ್ನು ನೆಪವಿಲ್ಲ, ಕುಣಿ.

ಗುಂ ಅಂದಿತು. ಅರ್ಧ ಸುತ್ತು ಆ ಕಡೆ,
ಅರ್ಧ ಸುತ್ತು ಈ ಕಡೆ.
ನಿಂತಿತು.

ಬೆನ್ನ ಹಲಗೆ ಬಿಚ್ಚಿದೆ. ಬೆಲ್ಟು ಗಟ್ಟಿ,
ಮೀಟಿದರೆ ತಂತಿಯ ಹಾಗೆ ನುಡಿಯುತ್ತದೆ.
ಕಾರ್ಬನ್ ಬ್ರಷ್ಷು ಇನ್ನೆರಡು ವರ್ಷ ಬಾಳೀತು.
ಹಡಗಿನ ಎಂಜಿನ್ ಕೋಣೆಯಲ್ಲಿ ಕಿವಿ ಕಳೆದುಕೊಂಡ ನನ್ನಪ್ಪ
ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದ:
"ತುಂಬಿದ ಹೊಟ್ಟೆಯವನಿಗೆ ಓಡು ಅನ್ನಬೇಡ!"

ಅಯ್ಯೋ, ನೀರು.
ನೀರು ಇಳಿದೇ ಇಲ್ಲ.
ಇಷ್ಟು ಹೊತ್ತೂ ಕಣ್ಣೆದುರಿಗೇ ಇತ್ತು.

ಕೆಳಗಿನ ಪುಟ್ಟ ಮುಚ್ಚಳ ತೆರೆದು, ಫಿಲ್ಟರು ಸಡಿಲಿಸಿ,
ತಟ್ಟೆ, ಬೋಗುಣಿ, ಮೂರು ಟವೆಲು;
ಆದರೂ ಒಂದು ಹೊಳೆ ತಪ್ಪಿಸಿಕೊಂಡು
ತನಗೆ ಗೊತ್ತಿದ್ದ ದಾರಿಯಲ್ಲೇ ಮಂಚದ ಕಡೆ ಹೋಯಿತು.
ಫಿಲ್ಟರಿನಲ್ಲಿ ನೂರು ಪೆಸೊ ನಾಣ್ಯ, ನಿಂಬೆಬೀಜ,
ಯಾರದೋ ಕೂದಲ ಕ್ಲಿಪ್ಪು.
ಅದರ ಹಿಂದೆ, ಪಂಪಿನ ರೆಕ್ಕೆಗೆ ಅಡ್ಡವಾಗಿ, ಏನೋ ಗಟ್ಟಿ.
ಎರಡು ಬೆರಳು ಹಾಕಿ, ಕಣ್ಣು ಮುಚ್ಚಿ ಎಳೆದೆ:

ಸೀಟಿ.
ಕಪ್ಪು ಪ್ಲಾಸ್ಟಿಕ್ಕಿನದು, ಒಳಗೆ ಗೋಲಿ ಇರುವಂಥದು.

ಎಫ್ರಾಯಿನ್ ಬಾಗಿಲ ಬಳಿ ನಿಂತಿದ್ದ,
ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು.
ಮೂರು ವಾರದ ಹಿಂದೆ, ಅವನಿಗೆ ಪೆನಾಲ್ಟಿ ಕೊಡದ ಭಾನುವಾರ,
ರೆಫರಿ ಉಬಾಲ್ದೊನ ಸೀಟಿ ಕಾಣೆಯಾಗಿತ್ತು.
ಅಂದಿನಿಂದ ಪಾಪ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕುತ್ತಾನೆ,
ಮೀನು ಮಾರುವ ಕೈ ಬೇರೆ.

ಯಾರೂ ಏನೂ ಅನ್ನಲಿಲ್ಲ.
ಫಿಲ್ಟರು ಬಿಗಿದು ಗುಂಡಿ ಒತ್ತಿದೆ.
ಯಂತ್ರ ಕೆಮ್ಮಿತು, ಉಳಿದ ನೀರು ಉಗುಳಿತು,
ನಿಧಾನ, ನಿಧಾನ, ಆಮೇಲೆ ನಿಧಾನ ಮರೆತು
ಹಸಿರೆಲ್ಲ ಒಂದೇ ಉಂಗುರ,
ಯಾರದು ಏಳು ಯಾರದು ಮೂರು ತಿಳಿಯದಂತೆ;
ಕಪಾಟಿನಲ್ಲಿ ಲೋಟಗಳು ಹಲ್ಲು ಕಡಿದವು.

ಎರ್ಮಿನಿಯಾ ಸೀಟಿಯನ್ನು ನಲ್ಲಿಗೆ ಹಿಡಿದು ತೊಳೆದಳು,
ಏಪ್ರನ್ನಿಗೆ ಒರೆಸಿದಳು, ಮಗನನ್ನು ನೋಡಿದಳು,
ಬಾಯಿಗಿಟ್ಟಳು.
ಮೊದಲ ಸಲ ಬರೀ ನೊರೆ.

ಎರಡನೆಯ ಸಲ ಗುಡ್ಡದ ನಾಯಿಗಳೆಲ್ಲ ಎದ್ದವು.
ಹೊರಗೆ ಇಳಿಜಾರು ಬೀದಿಯಲ್ಲಿ ಆಡುತ್ತಿದ್ದ ಹುಡುಗರು
ಇದ್ದಲ್ಲೇ ನಿಂತರು, ಕೈ ಮೇಲೆತ್ತಿ,
ನಾನಲ್ಲ, ನಾನಲ್ಲ ಅನ್ನುತ್ತ.

ಚೆಂಡು ಮಾತ್ರ ನಿಲ್ಲಲಿಲ್ಲ,
ಬಂದರಿನ ಕಡೆ ಇಳಿಯುತ್ತಲೇ ಹೋಯಿತು.
ಅದರದೇನು ತಪ್ಪು,
ನೆಲ ಡೊಂಕು.