ಗುಡ್ಡದ ಕಿವಿ

ಬಾಯಿ ಚೆನ್ನಾಗಿತ್ತು ನಮ್ಮ ರಿಪೀಟರಿನದು.
ಗುಳೇದಗುಡ್ಡದ ನೆತ್ತಿಯಿಂದ ಮಾತಾಡಿದರೆ
ಅತ್ತ ಬಾದಾಮಿ, ಇತ್ತ ಇಳಕಲ್ಲು,
ಹುನಗುಂದದ ಆಚೆ ಎರೆಹೊಲಗಳ ತನಕ
ಮಗ್ಗುಲಲ್ಲೇ ಕೂತು ಅಂದಂತೆ.
ಕೆಟ್ಟದ್ದು ಕಿವಿ.

ದಿನಾ ರಾತ್ರಿ ಒಂಬತ್ತಕ್ಕೆ ಹಾಜರಿ.
ಒಬ್ಬೊಬ್ಬರೇ ಬಂದು ಹೆಸರು ಹೇಳಿ, ಮಳೆ ಗಾಳಿ ಹೇಳಿ, ಹೋಗುತ್ತಾರೆ.
ಕೊನೆಗೆ ಯಂಕಣ್ಣ ಬಿಸನಾಳ.
ಹೊಳೆದಂಡೆಯ ಊರು, ಅಂಗೈಯಗಲದ ಸೆಟ್ಟು, ಎರಡೇ ವ್ಯಾಟು.
"ವಿಯೂ ತ್ರೀ" ಅನ್ನುವಷ್ಟರಲ್ಲಿ
ಮಾತು ಮರಳಾಗಿ ಸೋರಿಹೋಗುತ್ತಿತ್ತು.
"ಬಂತ್ರಿ, ಬಂತ್ರಿ, ಸೆವೆಂಟಿ ತ್ರೀ" ಅನ್ನುತ್ತಿದ್ದೆವು.
ಬಂದಿರಲಿಲ್ಲ.
ಆರು ತಿಂಗಳು ಹೀಗೆ, ಮರ್ಯಾದೆಗೆ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆವು.
ಕಿವಿಯ ಮುಂದೊಂದು ಆಂಪ್ಲಿಫೈಯರ್ ಕಟ್ಟಿದೆವು,
ಹದಿನೆಂಟು ಡಿಬಿ. ಬೆಲೆ ಕೇಳಬೇಡಿ.
ಊರ ಪವರ್‌ಲೂಮುಗಳ ಖಟಖಟ,
ಬೀದಿದೀಪದ ಎಲ್‌ಇಡಿ, ಯಾರದೋ ಮದುವೆಯ ಜನರೇಟರು
ಎಲ್ಲಾ ದೊಡ್ಡದಾಗಿ ಬಂದವು, ಯಂಕಣ್ಣನವರೊಬ್ಬರನ್ನು ಬಿಟ್ಟು.
ಸಂತೆಯ ನಡುವೆ ಮೈಕು ಹಿಡಿದರೆ
ಪಿಸುಮಾತಲ್ಲ, ಸಂತೆಯೇ ದೊಡ್ಡದಾಗುತ್ತದೆ.

ದಸ್ತಗೀರ ಅದನ್ನು ಬಿಚ್ಚಿ ಜೇಬಿಗಿಟ್ಟ.
ಟಿವಿ ರಿಪೇರಿಯವನು, ಹುಟ್ಟಿದ್ದು ನೇಕಾರರ ಮನೆ.
"ಅಕ್ಕಾರ, ಎಳಿ ಹರದಾಗ ಮಗ್ಗಾ ಜೋರ್ ಹೊಡದ್ರ
ಕೂಡತೈತೇನ್ರಿ?"

ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಸಹಿ ಹಾಕಿ ತಂದ ಯಂತ್ರದಿಂದ
ಸಣ್ಣದೊಂದು ಸ್ವರ ಕಳಿಸಿದೆ, ಇರುವೆ ನಡೆದಷ್ಟು.
ಟ್ರಾನ್ಸ್‌ಮಿಟರ್ ಆರಿಸಿದರೆ ಕೇಳುತ್ತದೆ.
ಹಚ್ಚಿದರೆ ಇಲ್ಲ.
ತನ್ನ ದನಿಗೆ ತಾನೇ ಕಿವುಡಾದ ಪೆಟ್ಟಿಗೆ!
ಬಾಯಿಗೂ ಕಿವಿಗೂ ನಡುವೆ ಆರುನೂರು ಕಿಲೋಹರ್ಟ್ಸ್ ಮಾತ್ರ,
ಇಬ್ಬರಿಗೂ ಒಂದೇ ಆಂಟೆನಾ,
ಜಗಳ ಬಿಡಿಸಲು ನಡುವೆ ಆರು ತಾಮ್ರದ ಕೊಡ.

ಅವುಗಳ ಶ್ರುತಿ ಕೂಡಿಸುತ್ತ ಹೊತ್ತು ಹೋಯಿತು.
ಕಡ್ಡಿ ಕೂದಲೆಳೆ ಒಳಗೆ. ಕೂದಲೆಳೆ ಹೊರಗೆ.
ತಗಡಿನ ಕೋಣೆ ಕಾದಂತೆಲ್ಲ ಕೊಡ ಹಿಗ್ಗಿ ಶ್ರುತಿ ಸರಿಯುತ್ತಿತ್ತು,
ಇಳಿಹೊತ್ತಿನ ತನಕ ಕಾದೆವು,
ಬಂಡೆಯ ನೆರಳಲ್ಲಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು.
ಕೇಬಲ್ಲಿನ ತುದಿ ಕೊಯ್ದರೆ ಒಳಗೆ ಹೋದ ಮಳೆಗಾಲದ ಹನಿ;
ಜಾಲರಿ ಪಾಚಿಬಣ್ಣಕ್ಕೆ ತಿರುಗಿತ್ತು.
ಹೊಸದು ಹಾಕಿದೆವು, ಎರಡು ಪದರದ್ದು.
ಆಮೇಲೆ ಟ್ರಾನ್ಸ್‌ಮಿಟರ್ ಹಚ್ಚಿದರೂ
ಇರುವೆ ನಡೆಯುತ್ತಲೇ ಇತ್ತು.

ಆದರೂ ಎಲ್ಲೋ ಒಂದು ಕರಕರ,
ಆಗೊಮ್ಮೆ ಈಗೊಮ್ಮೆ, ಹಲ್ಲಿನ ಸಂದಿಯ ಕಾಳಿನ ಹಾಗೆ.
ಏನೆಂದು ತಿಳಿಯಲಿಲ್ಲ. ಕತ್ತಲಾಗಿತ್ತು.

ಒಂಬತ್ತರ ಹಾಜರಿಗೆ ಗುಡ್ಡದ ಮೇಲೇ ಕೂತೆವು.
ಕೊನೆಗೆ "ವಿಯೂ ತ್ರೀ",
ಮತ್ತು ಅದರ ಮುಂದಿನದು. ಪೂರ್ತಿ.
ಕೆಮ್ಮು ಕೂಡ. ಹಿಂದೆ ಎಮ್ಮೆಯ ಸರಪಳಿ.
ಕೆಇಬಿಯಲ್ಲಿ ಮೂವತ್ತು ವರ್ಷ ಕಂಬ ಹತ್ತಿದ ದನಿ:

"ದಿನಾ ಹೇಳಾಕತ್ತೇನಿ, ದಿನಾ ಬಂತ್ರಿ ಅಂತೀರಿ.
ಪಡುಗಾಳಿ ಬಿಟ್ಟಾಗೊಮ್ಮೆ ನಿಮ್ಮ ಗುಡ್ಡ ಕರಕರ ಅಂತೈತಿ.
ಮೂಡಲ ಸ್ಟೇ ವೈರ್ ಸಡಲ ಬಿದ್ದು ಆಡತಿರಬೇಕು,
ಕ್ಲ್ಯಾಂಪಿಗೆ ತುಕ್ಕು ಹಿಡದಿರತೈತಿ.
ಒಮ್ಮೆರೆ ನೋಡ್ರಿ."

ಬಂತ್ರಿ ಅನ್ನುವ ಮಾತು ನಾಲಿಗೆಗೆ ಬಂದು ನಿಂತಿತು.
ಹೇಳಿ ಹೇಳಿ ಅದನ್ನು ಸವೆಸಿಬಿಟ್ಟಿದ್ದೆವು.
ಬಟನ್ ಒತ್ತಿಕೊಂಡು ಸುಮ್ಮನೆ ಕೂತೆ,
ನನ್ನ ಉಸಿರು ಮೂರು ತಾಲೂಕಿಗೆ ಕೇಳಿರಬೇಕು.
ದಸ್ತಗೀರ ಆಗಲೇ ಟಾರ್ಚು ಹಿಡಿದು ಎದ್ದಿದ್ದ.
"ಹದಿಮೂರರ ಪಾನಾ ಎಲ್ಲೈತ್ರೀ, ಅಕ್ಕಾರ?"